ಕ್ಯಾಮೆರಾ ಕಣ್ಣು ಬಿಟ್ಟಿದೆ, ಪೆಟ್ಟಿಗೆಗೆ ಮರೆವು!

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ, ಅಶೋಕ ರಸ್ತೆಗಳಲ್ಲಿ ಒಮ್ಮೆ ತಲೆ ಎತ್ತಿ ನಡೆದು ನೋಡಿದರೆ ಸಾಕು. ಅಂಗಡಿ ಬೋರ್ಡಿನ ಕೆಳಗೊಂದು, ಮೆಟ್ಟಿಲ ತಿರುವಿಗೊಂದು, ಗಲ್ಲಾಪೆಟ್ಟಿಗೆಯ ನೆತ್ತಿಗೊಂದು ಬಿಳಿ ಬುರುಡೆಯ ಕ್ಯಾಮೆರಾ. ಪಕ್ಕದಲ್ಲೇ 'ನೀವು ಸಿಸಿ ಕ್ಯಾಮೆರಾ ಕಣ್ಗಾವಲಿನಲ್ಲಿದ್ದೀರಿ' ಎಂಬ ಎಚ್ಚರಿಕೆಯ ಚೀಟಿ. ಬಂದವರು ಹೆದರುತ್ತಾರೋ ಇಲ್ಲವೋ, ಮಾಲೀಕರಿಗಂತೂ ನಿಶ್ಚಿಂತೆ. ಗಲ್ಲಾದ ಮೇಲೆ ಕುಳಿತು ಟಿವಿ ನೋಡಿದರೆ ಗೋದಾಮೂ ಕಾಣುತ್ತದೆ, ಬಾಗಿಲೂ ಕಾಣುತ್ತದೆ, ಬೀಡಿ ಸೇದಲು ಹಿಂದಕ್ಕೆ ಹೋದ ಕೆಲಸದ ಹುಡುಗನೂ ಕಾಣುತ್ತಾನೆ.

ಕಳುವಾದ ಮರುದಿನ ಈ ನಿಶ್ಚಿಂತೆಯ ಬಣ್ಣ ಬಯಲಾಗುತ್ತದೆ. ಪೊಲೀಸಿನವರು ಬಂದು "ರಾತ್ರೀದು ತೋರಿಸ್ರಿ" ಅನ್ನುತ್ತಾರೆ. ಹುಡುಗ ಮೌಸ್ ಹಿಡಿದು ಅಲ್ಲೊತ್ತಿ, ಇಲ್ಲೊತ್ತಿ, ಕೊನೆಗೆ ಮುಖ ಸಣ್ಣದು ಮಾಡಿಕೊಂಡು "ಏನೂ ಇಲ್ರೀ" ಅನ್ನುತ್ತಾನೆ. ನಿನ್ನೆಯದಿಲ್ಲ, ಮೊನ್ನೆಯದಿಲ್ಲ, ಕೆಲವು ಪೆಟ್ಟಿಗೆಗಳಲ್ಲಿ ಆರು ತಿಂಗಳಿಂದ ಏನೂ ಇಲ್ಲ. "ದಿನಾ ಟಿವಿಯಾಗೆ ಬರ್ತಿತ್ತಲ್ರೀ!" ಎಂದು ಮಾಲೀಕರು ಬಾಯಿ ಬಡಿದುಕೊಳ್ಳುತ್ತಾರೆ. ಕ್ಯಾಮೆರಾ ರಿಪೇರಿ ಮಾಡುವ ಹುಡುಗರಿಗೆ ಈ ಮಾತು ಕೇಳಿ ಕೇಳಿ ಬಾಯಿಪಾಠವಾಗಿದೆ.

ಕಾಣೋದು ಬೇರೆ, ಉಳಿಯೋದು ಬೇರೆ

ಗೊಂದಲದ ಬೇರು ಇರುವುದು ಇಲ್ಲೇ. ಕ್ಯಾಮೆರಾದ ಚಿತ್ರ ಮೊದಲು ಡಿವಿಆರ್ ಎಂಬ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆ ಅದನ್ನು ಎರಡು ದಾರಿಯಲ್ಲಿ ಕಳಿಸುತ್ತದೆ. ಒಂದು ದಾರಿ ನೇರ ಟಿವಿಗೆ, ಇನ್ನೊಂದು ಒಳಗಿರುವ ಹಾರ್ಡ್ ಡಿಸ್ಕಿಗೆ. ಡಿಸ್ಕ್ ಸತ್ತು ಸ್ವರ್ಗ ಸೇರಿದ್ದರೂ ಟಿವಿಯ ದಾರಿಗೆ ಏನೂ ಆಗುವುದಿಲ್ಲ. ಮೊಬೈಲಿಗೆ ಬರುವ ಚಿತ್ರದ ಕಥೆಯೂ ಅಷ್ಟೇ. ಡಿಸ್ಕೇ ಇಲ್ಲದ ಪೆಟ್ಟಿಗೆ ಕೂಡ ಮೊಬೈಲಿಗೆ ಚೆನ್ನಾಗಿ ಚಿತ್ರ ಕಳಿಸುತ್ತದೆ. ಕನ್ನಡಿಯಲ್ಲಿ ಮುಖ ಕಂಡ ಮಾತ್ರಕ್ಕೆ ಫೋಟೋ ತೆಗೆದಂತಾಯಿತೇ?

ಹಾಗಾಗಿ ವಾರಕ್ಕೊಮ್ಮೆ ಟಿವಿ ನೋಡುವ ಬದಲು ಪ್ಲೇಬ್ಯಾಕ್ ನೋಡಬೇಕು. ನಿನ್ನೆ ಮಧ್ಯಾಹ್ನದ ಐದು ನಿಮಿಷ, ನಿನ್ನೆ ರಾತ್ರಿ ಎರಡು ಗಂಟೆಯ ಐದು ನಿಮಿಷ, ಆಮೇಲೆ ಕ್ಯಾಲೆಂಡರಿನಲ್ಲಿ ಎಲ್ಲಕ್ಕಿಂತ ಹಳೆಯ ದಿನ ಯಾವುದು ಅಂತ ಒಂದು ನೋಟ. ಪ್ರತಿಯೊಂದು ಕ್ಯಾಮೆರಾದ್ದೂ. ಬಾಗಿಲಿನದು ಉಳಿದು ಗೋದಾಮಿನದು ಉಳಿಯದಿರುವುದೂ ಉಂಟು, ಯಾಕೆಂದರೆ ರೆಕಾರ್ಡಿಂಗ್ ವೇಳಾಪಟ್ಟಿಯನ್ನು ಒಂದೊಂದು ಕ್ಯಾಮೆರಾಕ್ಕೂ ಬೇರೆ ಬೇರೆ ಕೂರಿಸಬಹುದು. ಯಾರೋ ಪಾಸ್‌ವರ್ಡ್ ಮರೆತು ಪೆಟ್ಟಿಗೆಯನ್ನು ರಿಸೆಟ್ ಮಾಡಿಸಿದ್ದರೆ ಹಳೆಯ ಏರ್ಪಾಡೆಲ್ಲ ಅಳಿಸಿ ಹೋಗಿರುತ್ತದೆ. ಇನ್ನು ಕೆಲವರು ಜಾಗ ಉಳಿಸಲೆಂದು 'ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್' ಎಂದು ಇಟ್ಟಿರುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಅಲುಗಾಟ ಗುರುತಿಸುವ ಸೂಕ್ಷ್ಮತೆ ಕಡಿಮೆ ಇದ್ದರೆ ಕತ್ತಲಲ್ಲಿ ಗೋಡೆ ಸವರಿಕೊಂಡು ಬಂದವನು ಪೆಟ್ಟಿಗೆಯ ಲೆಕ್ಕಕ್ಕೆ ಬಂದವನೇ ಅಲ್ಲ.

ಕೂಗುವ ಪೆಟ್ಟಿಗೆಯ ಬಾಯಿಗೆ ಬೀಗ

ಪಾಪ, ಪೆಟ್ಟಿಗೆ ಸುಮ್ಮನೆ ಸಾಯುವುದಿಲ್ಲ. ಡಿಸ್ಕ್ ಕೈಕೊಟ್ಟರೆ ಕೀಂ ಕೀಂ ಎಂದು ಕೂಗಿಕೊಳ್ಳುತ್ತದೆ. ವ್ಯಾಪಾರದ ಹೊತ್ತಿನಲ್ಲಿ ಈ ಕಿರಿಕಿರಿ ಯಾರಿಗೆ ಬೇಕು? "ಏ ತಮ್ಮಾ, ಅದರ ಸದ್ದು ನಿಲ್ಸೋ" ಎಂದು ಸಾಹುಕಾರ್ರು ಹೇಳುತ್ತಾರೆ. ಹುಡುಗ ಮೆನುವಿನೊಳಗೆ ಹೋಗಿ ಸದ್ದು ನಿಲ್ಲಿಸುತ್ತಾನೆ. ಕಾಯಿಲೆ ಹಾಗೇ ಇರುತ್ತದೆ, ನರಳಾಟ ಮಾತ್ರ ಕೇಳಿಸುವುದಿಲ್ಲ.

ಸದ್ದು ನಿಲ್ಲಿಸುವ ಮೊದಲು ಮೆನುವಿನಲ್ಲಿರುವ ಹಾರ್ಡ್ ಡಿಸ್ಕಿನ ಪುಟ ತೆರೆಯಬೇಕು. ಅಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ ಒಂದೋ ತಂತಿ ಸಡಿಲ, ಇಲ್ಲವೇ ಕರೆಂಟ್ ಸಾಲುತ್ತಿಲ್ಲ, ಇಲ್ಲವೇ ಡಿಸ್ಕ್ ಹೋಗಿದೆ. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿದರೆ ಡಿಸ್ಕಿಗೆ ಎರಡು ತಂತಿ ಕಾಣುತ್ತವೆ, ಒಂದು ಕರೆಂಟಿನದು, ಒಂದು ಮಾಹಿತಿಯದು. ಎರಡನ್ನೂ ಬಿಚ್ಚಿ ಗಟ್ಟಿಯಾಗಿ ಕೂರಿಸಿದರೆ ಕೆಲವು ಪೆಟ್ಟಿಗೆ ಅಲ್ಲಿಗೇ ಸರಿಹೋಗುತ್ತವೆ. ಅದಕ್ಕೂ ಬಗ್ಗದಿದ್ದರೆ ಕಿವಿಗೊಟ್ಟು ಕೇಳಬೇಕು. ಡಿಸ್ಕ್ ತಿರುಗಲು ಹೊರಟು, ಟಿಕ್ ಎಂದು ನಿಂತು, ಮತ್ತೆ ಹೊರಡುತ್ತಿದ್ದರೆ ಮೊದಲ ಅನುಮಾನ ಗೋಡೆಗೆ ಸಿಕ್ಕಿಸಿರುವ ಅಡಾಪ್ಟರಿನ ಮೇಲೆ. ಡಿಸ್ಕ್ ಓಡುವಾಗ ಬೇಕಾಗುವುದಕ್ಕಿಂತ ಹೊರಡುವಾಗ ಬೇಕಾಗುವ ಕರೆಂಟ್ ಹೆಚ್ಚು. ಮುಪ್ಪಾದ ಅಡಾಪ್ಟರ್ ಟಿವಿ ಚಿತ್ರದ ಮಟ್ಟಿಗೆ ಹೇಗೋ ಸಾಗಿಸುತ್ತದೆ, ಡಿಸ್ಕನ್ನು ಎಬ್ಬಿಸಲಾರದು. ಅಷ್ಟೇ ವೋಲ್ಟಿನ, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರುವ ಇನ್ನೊಂದು ಅಡಾಪ್ಟರ್ ಹಾಕಿ ನೋಡಿದರೆ ಸತ್ಯ ಗೊತ್ತಾಗುತ್ತದೆ. ಎಷ್ಟೋ ಅಂಗಡಿಯಲ್ಲಿ ಈ ಒಂದು ಪರೀಕ್ಷೆ ಮಾಡದೆ ಗಟ್ಟಿಮುಟ್ಟಾದ ಡಿಸ್ಕನ್ನೇ ಗುಜರಿಗೆ ಹಾಕುತ್ತಾರೆ.

ಡಿಸ್ಕೇ ಹೋಗಿದ್ದರೆ ಹೊಸದು ತರುವಾಗ ಚೌಕಾಸಿಗೆ ಇಳಿಯಬಾರದು. ಕಂಪ್ಯೂಟರಿನ ಡಿಸ್ಕ್ ಹಗಲು ಕೆಲಸ ಮಾಡಿ ರಾತ್ರಿ ಮಲಗುವ ಜೀವ. ಕ್ಯಾಮೆರಾ ಪೆಟ್ಟಿಗೆಯಲ್ಲಿ ಅದು ದಿನದ 24 ಗಂಟೆಯೂ ಬರೆಯುತ್ತಲೇ ಇರಬೇಕು. ಈ ಕತ್ತೆ ದುಡಿತಕ್ಕೆಂದೇ ಮಾಡಿದ ಕಣ್ಗಾವಲಿನ ಡಿಸ್ಕುಗಳು ಬೇರೆ ಇವೆ. ಯಾವುದೋ ಹಳೆಯ ಕಂಪ್ಯೂಟರಿನಿಂದ ಕಿತ್ತ ಡಿಸ್ಕನ್ನು ಕಡಿಮೆಗೆ ಸಿಕ್ಕಿತೆಂದು ಹಾಕಿಸಿಕೊಂಡರೆ ಸ್ವಲ್ಪ ದಿನ ಓಡುತ್ತದೆ, ಬೇಕಾದ ದಿನ ಓಡುವುದಿಲ್ಲ. ಪದೇ ಪದೇ ಕರೆಂಟ್ ಹೋಗುವ ಬೀದಿಗಳಲ್ಲಿ ಓಡುತ್ತಿರುವ ಡಿಸ್ಕ್ ದಢಕ್ಕನೆ ನಿಲ್ಲುತ್ತಿರುತ್ತದೆ. ಅದರ ಆಯುಸ್ಸು ಕಡಿಮೆಯಾಗುವುದೇ ಹೀಗೆ. ಬಿಲ್ಲಿಂಗ್ ಕಂಪ್ಯೂಟರಿಗೆ ಯುಪಿಎಸ್ ಇಟ್ಟವರು ಅದೇ ಯುಪಿಎಸ್ಸಿಗೆ ಈ ಪೆಟ್ಟಿಗೆಯನ್ನೂ ಸಿಕ್ಕಿಸಿದರೆ ಕೈಯಿಂದ ಹೋಗುವುದೇನೂ ಇಲ್ಲ.

ಎಷ್ಟು ದಿನದ ನೆನಪು?

ಇನ್ನೊಂದು ಜಾತಿಯ ತಕರಾರು ಉಂಟು. ಡಿಸ್ಕ್ ಚೆನ್ನಾಗಿದೆ, ಆದರೂ ಬೇಕಾದ ದಿನದ್ದು ಇಲ್ಲ. ಇದು ರಿಪೇರಿಯ ಮಾತಲ್ಲ, ಬರೀ ಲೆಕ್ಕದ ಮಾತು. ವ್ಯಾಪಾರಸ್ಥರಿಗೆ ಲೆಕ್ಕ ಹೇಳಿಕೊಡಬೇಕೆ?

ಒಂದು ಕ್ಯಾಮೆರಾ ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಬರೆಸಿದರೆ ದಿನಕ್ಕೆ 10.8 ಜಿಬಿ ಜಾಗ ತಿನ್ನುತ್ತದೆ. 2 ಮೆಗಾಬಿಟ್ ಇಟ್ಟರೆ 21.6 ಜಿಬಿ. ಅಂಥ ನಾಲ್ಕು ಕ್ಯಾಮೆರಾ ಇದ್ದರೆ ದಿನಕ್ಕೆ 86.4 ಜಿಬಿ. 1 ಟಿಬಿ ಡಿಸ್ಕ್ ಅಂದರೆ 1000 ಜಿಬಿ. ಭಾಗಿಸಿದರೆ 11 ದಿನ ಚಿಲ್ಲರೆ. ಮಗನ ಮದುವೆಯಾಯಿತೆಂದು ಅಂಗಡಿ ದೊಡ್ಡದು ಮಾಡಿ ಎಂಟು ಕ್ಯಾಮೆರಾ ಹಾಕಿಸಿದವರು ಡಿಸ್ಕ್ ಮಾತ್ರ ಹಳೆಯದನ್ನೇ ಉಳಿಸಿಕೊಂಡರೆ ಐದು ದಿನ ಚಿಲ್ಲರೆ. ಆರನೆಯ ದಿನ ಪೆಟ್ಟಿಗೆ ಹಳೆಯದರ ಮೇಲೆ ಹೊಸದನ್ನು ಬರೆಯತೊಡಗುತ್ತದೆ. ಇದಕ್ಕೆ ಓವರ್‌ರೈಟ್ ಎಂದು ಹೆಸರು. ಯಾರಾದರೂ ಜಾಣತನ ತೋರಿಸಿ ಓವರ್‌ರೈಟ್ ಬಂದ್ ಮಾಡಿದ್ದರಂತೂ ಡಿಸ್ಕ್ ತುಂಬಿದ ದಿನವೇ ಬರೆಯುವುದು ನಿಂತುಹೋಗುತ್ತದೆ. ಟಿವಿಯಲ್ಲಿ ಚಿತ್ರ ಮಾತ್ರ ಬರುತ್ತಲೇ ಇರುತ್ತದೆ!

ಇದೇ ಚಿತ್ರವನ್ನು ಎಚ್.265 ಎಂಬ ಹೊಸ ಪದ್ಧತಿಯಲ್ಲಿ ಬರೆಸಿದರೆ ಹಳೆಯ ಎಚ್.264ಕ್ಕಿಂತ ಹೆಚ್ಚುಕಡಿಮೆ ಅರ್ಧ ಜಾಗ ಸಾಕು. ಪೆಟ್ಟಿಗೆಗೆ ಆ ಶಕ್ತಿ ಇದ್ದೂ ಮೆನುವಿನಲ್ಲಿ ಹಳೆಯದೇ ಕೂತಿದ್ದರೆ ಬದಲಿಸಿಕೊಳ್ಳಬಹುದು. ಮೂವತ್ತು ದಿನ ಬೇಕೆಂದರೆ ನಾಲ್ಕು ಕ್ಯಾಮೆರಾಕ್ಕೆ 2 ಮೆಗಾಬಿಟ್ ಲೆಕ್ಕದಲ್ಲಿ 2592 ಜಿಬಿ ಬೇಕು, ಅರ್ಧಕ್ಕೆ ಇಳಿಸಿದರೆ 2 ಟಿಬಿ ಡಿಸ್ಕಿನಲ್ಲೇ ಹಿಡಿಸುತ್ತದೆ. ಮೂವತ್ತೇ ಯಾಕೆ? 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುವುದು ಅಷ್ಟು ದಿನ. ಒಂದೇ ಹೊತ್ತಿಗೆ 100 ಜನ, ಅಥವಾ ದಿನಕ್ಕೆ 500 ಜನ ಸೇರುವಂಥ ಜಾಗಗಳು ಕ್ಯಾಮೆರಾ ಹಾಕಿಸಿ 30 ದಿನದ ದೃಶ್ಯ ಉಳಿಸಿಕೊಳ್ಳಬೇಕು. ಸಣ್ಣ ಕಿರಾಣಿಯವರಿಗೆ ಅದು ತಾಗದಿರಬಹುದು. ದೊಡ್ಡ ಜವಳಿ ಅಂಗಡಿ, ಕಲ್ಯಾಣ ಮಂಟಪದವರು ತಮ್ಮ ಡಿಸ್ಕಿನ ಅಳತೆ ನೋಡಿಕೊಳ್ಳುವುದು ಒಳ್ಳೆಯದು.

ಬಸ್ಸಿಗೆ ಕಾಯುವವರಿಗೂ ಈ ಲೆಕ್ಕ ಬೇಕು. ನಿಲ್ದಾಣದ ಎದುರು ಜೇಬು ಕತ್ತರಿಸಿಕೊಂಡವರಿಗೆ, ರಸ್ತೆ ದಾಟುವಾಗ ಬೈಕ್ ಗುದ್ದಿಸಿಕೊಂಡವರಿಗೆ ಎದುರಿನ ಅಂಗಡಿಯ ಕ್ಯಾಮೆರಾವೇ ಸಾಕ್ಷಿ. "ಆಸ್ಪತ್ರೆಯಿಂದ ಬಂದ ಮ್ಯಾಲೆ ಕೇಳೋಣ ಬಿಡು" ಅಂತ ಎರಡು ವಾರ ಬಿಟ್ಟು ಹೋದರೆ ಆ ಸಾಕ್ಷಿಯ ಮೇಲೆ ಆಗಲೇ ಬೇರೆ ಯಾರದೋ ಓಡಾಟ ಬರೆದಾಗಿರುತ್ತದೆ. ಪೊಲೀಸ್ ದೂರಿನಲ್ಲಿ ಯಾವ ಅಂಗಡಿಯ ಕ್ಯಾಮೆರಾ, ಎಷ್ಟು ಗಂಟೆ ಎಂಬುದನ್ನು ಮೊದಲ ದಿನವೇ ಬರೆಸಬೇಕು. ಅಂಗಡಿಯವರಿಗೂ ಅಂದೇ ಒಂದು ಮಾತು ಹೇಳಿಟ್ಟರೆ ಇನ್ನೂ ಮೇಲು.

ಗಂಟೆಯ ಮಾತು ಬಂತು. ಪೆಟ್ಟಿಗೆಯೊಳಗೆ ನಾಣ್ಯದಷ್ಟಗಲದ ಒಂದು ಸೆಲ್ ಇರುತ್ತದೆ. ಅದು ಖಾಲಿಯಾಗಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಪೆಟ್ಟಿಗೆಯ ಗಡಿಯಾರ 2000ನೇ ಇಸವಿಗೋ 1970ಕ್ಕೋ ಹೋಗಿ ಕೂರುತ್ತದೆ. ಕಳ್ಳ ಬಂದದ್ದು ರೆಕಾರ್ಡ್ ಆಗಿರುತ್ತದೆ, ಆದರೆ ಇಪ್ಪತ್ತೈದು ವರ್ಷ ಹಿಂದಿನ ತಾರೀಕಿನಲ್ಲಿ. ಹುಡುಕುವವರು ಈ ವರ್ಷದ ಪುಟ ನೋಡಿ ಕೈಚೆಲ್ಲುತ್ತಾರೆ. ಸೆಲ್ ಬದಲಿಸಿ, ತಾರೀಕು ಸರಿಮಾಡಿದರೆ ಮುಗಿಯಿತು.

ಮನೆಯ ಕ್ಯಾಮೆರಾ, ಉಗುರಗಲದ ಕಾರ್ಡು

ಈಗ ಮನೆಮನೆಗೂ ಬಂದಿರುವ ವೈಫೈ ಕ್ಯಾಮೆರಾಗಳಲ್ಲಿ ಪೆಟ್ಟಿಗೆ ಇಲ್ಲ. ಉಗುರಗಲದ ಮೆಮೊರಿ ಕಾರ್ಡೇ ಎಲ್ಲ. ಮೇಲೆ 128 ಜಿಬಿ ಎಂದು ಬರೆದು ಒಳಗೆ ಅದರ ಕಾಲು ಭಾಗವೂ ಇಲ್ಲದ ನಕಲಿ ಕಾರ್ಡುಗಳು ಮಾರುಕಟ್ಟೆಯಲ್ಲಿವೆ. ಅಂಥವು ಹಾಕಿದ ದಿನ ಸರಿಯಾಗಿ ತೋರಿಸಿ, ನಿಜವಾದ ಜಾಗ ಮುಗಿದ ಮೇಲೆ ಕೆಟ್ಟುಹೋದ ತುಣುಕುಗಳನ್ನು ಬರೆಯುತ್ತವೆ. ಅಸಲಿ ಕಾರ್ಡಾದರೂ ಬರೆದಳಿಸಿ, ಬರೆದಳಿಸಿ ಸವೆಯುವಂಥದೇ. ಕ್ಯಾಮೆರಾಗೆಂದೇ ಬರುವ ಹೆಚ್ಚು ಬಾಳಿಕೆಯ ಕಾರ್ಡು ಕೇಳಿ ಪಡೆಯಬೇಕು, ಮೊಬೈಲಿನಿಂದ ಕಿತ್ತ ಹಳೆಯದಲ್ಲ. ಫಾರ್ಮ್ಯಾಟ್ ಮಾಡುವುದನ್ನು ಕಂಪ್ಯೂಟರಿನಲ್ಲಿ ಮಾಡದೆ ಕ್ಯಾಮೆರಾದ ಆ್ಯಪಿನಿಂದಲೇ ಮಾಡಿದರೆ ಅರ್ಧ ತಂಟೆ ತಪ್ಪುತ್ತದೆ.

ಫಾರ್ಮ್ಯಾಟ್ ಎಂಬ ಮಾತಿಗೆ ಒಂದು ಎಚ್ಚರಿಕೆ. ಕಳುವಾದ ದಿನ ಗಾಬರಿಯಲ್ಲಿ ಒತ್ತುತ್ತಾ ಹೋದರೆ ಪೆಟ್ಟಿಗೆ 'ಡಿಸ್ಕ್ ಫಾರ್ಮ್ಯಾಟ್ ಮಾಡಲೇ?' ಎಂದು ಕೇಳಬಹುದು. ಹೂಂ ಅಂದರೆ ಇದ್ದದ್ದೂ ಹೋಯಿತು. ಅಂದು ಮಾಡಬೇಕಾದ್ದು ತದ್ವಿರುದ್ಧ. ಬೇಕಾದ ಭಾಗವನ್ನು ಕೂಡಲೇ ಪೆನ್ ಡ್ರೈವಿಗೆ ತೆಗೆದುಕೊಳ್ಳಬೇಕು. ಬರದಿದ್ದರೆ ಅದರ ಮೇಲೆ ಹೊಸದು ಬರೆಯದಂತೆ ಪೆಟ್ಟಿಗೆಯನ್ನು ಮೆನುವಿನಿಂದ ಬಂದ್ ಮಾಡಿ, ತಿಳಿದವರನ್ನು ಕರೆಯಬೇಕು. ವಾಟ್ಸಾಪಿನಲ್ಲಿ ಕಳಿಸಿದ್ದೇವಲ್ಲ ಎಂದು ಕೂರುವಂತಿಲ್ಲ, ಅಲ್ಲಿ ಚಿತ್ರ ಕುಗ್ಗಿ ಬೈಕಿನ ನಂಬರೇ ಮಸುಕಾಗುತ್ತದೆ. ಕೋರ್ಟಿನ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಪ್ರತಿಯ ಜೊತೆ ಪ್ರಮಾಣಪತ್ರ ಇರಬೇಕು. ಹಳೆಯ ಕಾನೂನಿನಲ್ಲಿ ಇದೇ 65 ಬಿ ಎಂದು ಹೆಸರಾಗಿತ್ತು. ಯಾವ ಪೆಟ್ಟಿಗೆಯಿಂದ, ಯಾರು, ಯಾವಾಗ ಪ್ರತಿ ತೆಗೆದರು ಎಂಬುದನ್ನು ಅಂದೇ ಬರೆದಿಟ್ಟುಕೊಂಡ ಅಂಗಡಿಯವರಿಗೆ ಮುಂದೆ ಅಲೆದಾಟ ಕಡಿಮೆ.

ಪೆಟ್ಟಿಗೆಯೇ ಹೋದರೆ?

ಎಲ್ಲ ಸರಿಯಿದ್ದೂ ಕೆಡುವ ದಾರಿ ಇನ್ನೊಂದಿದೆ. ಅದನ್ನು ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಗೆ ಕಿಟಕಿ ಸರಳು ಕತ್ತರಿಸಿ ನುಗ್ಗಿದವರು 17 ಕಿಲೋಗೂ ಮಿಕ್ಕಿದ ಚಿನ್ನ ಹೊತ್ತೊಯ್ದರು. ಹೋಗುವಾಗ ಖಾರದ ಪುಡಿ ಚೆಲ್ಲಿ, ಡಿವಿಆರ್ ಪೆಟ್ಟಿಗೆಯನ್ನೂ ಜೊತೆಗೇ ಒಯ್ದರು. ಪೊಲೀಸರು ತಮಿಳುನಾಡಿನ ತನಕ ಜಾಡು ಹಿಡಿದು ಚಿನ್ನ ತಂದದ್ದು 2025ರ ಮಾರ್ಚ್ ಹೊತ್ತಿಗೆ. ಬ್ಯಾಂಕಿನೊಳಗಿನ ಕ್ಯಾಮೆರಾಗಳು ಕಂಡದ್ದನ್ನು ಹೇಳುವ ಪೆಟ್ಟಿಗೆ ಮೊದಲ ದಿನವೇ ಅವರ ಕೈಯಲ್ಲಿರಲಿಲ್ಲ.

ಅಂಗಡಿಗಳಲ್ಲಿ ಪೆಟ್ಟಿಗೆ ಇರುವುದು ಎಲ್ಲಿ? ಟಿವಿಯ ಕೆಳಗೆ, ಲಕ್ಷ್ಮಿಯ ಫೋಟೋದ ಪಕ್ಕ, ಬಾಗಿಲಿನಿಂದಲೇ ಕಾಣುವಂತೆ. ಟಿವಿ ಅಲ್ಲೇ ಇರಲಿ, ಉದ್ದ ತಂತಿ ಎಳೆದು ಪೆಟ್ಟಿಗೆಯನ್ನು ಅಟ್ಟದ ಮೇಲೋ ಒಳಕೋಣೆಯಲ್ಲೋ ಇಟ್ಟು ಬೀಗ ಹಾಕಬಹುದು. ಗಲ್ಲಾದ ಕ್ಯಾಮೆರಾ ಒಂದರದಾದರೂ ಇಂಟರ್ನೆಟ್ ಮೂಲಕ ಬೇರೆ ಕಡೆ ಉಳಿಯುವಂತೆ ಮಾಡಿಸಿಕೊಂಡವರೂ ಇದ್ದಾರೆ, ಅದಕ್ಕೆ ತಿಂಗಳ ಬಾಡಿಗೆ ಕಟ್ಟಬೇಕು. ಅಡಗಿಸುವ ಭರದಲ್ಲಿ ಮಾತ್ರ ಗಾಳಿಯಾಡದ ಕಪಾಟಿನೊಳಗೆ ಹಳೆಯ ಬಿಲ್ ಪುಸ್ತಕಗಳ ಕೆಳಗೆ ತುರುಕಬಾರದು. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿಗೆ ಅಲ್ಲಿ ಡಿಸ್ಕ್ ಬೇಯುತ್ತದೆ. ನಾಲ್ಕು ಬೆರಳು ಜಾಗ ಸುತ್ತ ಬಿಟ್ಟು, ಹಿಂದೆ ಎರಡು ತೂತು ಕೊರೆಸಿ, ತಿಂಗಳಿಗೊಮ್ಮೆ ಧೂಳು ಊದಿಸಿದರೆ ಆಯಿತು. ಬೆಚ್ಚಗಿನ ಜಾಗವೆಂದು ಜಿರಳೆ ಸಂಸಾರ ಹೂಡುವುದೂ ಅಲ್ಲೇ, ಕೈ ಹಾಕುವ ಮುನ್ನ ಪ್ಲಗ್ ಕೀಳಬೇಕು.