ಸೊನ್ನೆ ನೋಡಿದರಷ್ಟೇ ಸಾಲದು

‘ಸರ್, ಝೀರೋ ನೋಡ್ಕೊಳ್ಳಿ.’ ಪೆಟ್ರೋಲ್ ಬಂಕ್‌ಗೆ ಹೋದವರೆಲ್ಲ ಕೇಳಿರುವ ಮಾತು. ನಾವು ಮೀಟರಿನ ಸೊನ್ನೆ ನೋಡಿ ತಲೆಯಾಡಿಸುತ್ತೇವೆ. ಟ್ಯಾಂಕಿಗೆ ಇಳಿಯುತ್ತಿರುವ ನಳಿಕೆ ಯಾವುದೆಂದು ನೋಡುವುದಿಲ್ಲ. ಹಬ್ಬಕ್ಕೆ ಊರಿಗೆ ಹೊರಟ ಕಾರುಗಳು ಸಾಲುಗಟ್ಟಿದ ಹೊತ್ತಿನಲ್ಲಿ ಡೀಸೆಲ್ ಕಾರಿಗೆ ಪೆಟ್ರೋಲ್ ಬೀಳಲು ಇಷ್ಟು ಮರೆವು ಸಾಕು.

ಒಂದೇ ಮಾದರಿಯ ಕಾರು ಪೆಟ್ರೋಲ್‌ನಲ್ಲೂ ಡೀಸೆಲ್‌ನಲ್ಲೂ ಬರುತ್ತದೆ. ಹೊರನೋಟಕ್ಕೆ ಅವಳಿ ಮಕ್ಕಳು. ಡೀಸೆಲ್ ನಳಿಕೆ ಸಾಮಾನ್ಯವಾಗಿ ದಪ್ಪ, ಪೆಟ್ರೋಲ್ ಕಾರಿನ ಕಿರಿದಾದ ಬಾಯಿಗೆ ಹಿಡಿಸುವುದು ಕಷ್ಟ. ಪೆಟ್ರೋಲಿನ ಸಣ್ಣ ನಳಿಕೆಯಾದರೋ ಡೀಸೆಲ್ ಟ್ಯಾಂಕಿಗೆ ಸಲೀಸಾಗಿ ಇಳಿಯುತ್ತದೆ.

ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರಲಿಲ್ಲ. ಇಂದಿನ ಡೀಸೆಲ್ ಎಂಜಿನ್‌ಗೂ ಇಲ್ಲ. ಗಾಳಿಯನ್ನು ಸುಮಾರು 16 ಪಟ್ಟು ಅದುಮಿದಾಗ ಹುಟ್ಟುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪೆಟ್ರೋಲನ್ನು ಒತ್ತಡಕ್ಕೆ ತಾನಾಗಿ ಹೊತ್ತದೆ ಕಿಡಿಗಾಗಿ ಕಾಯುವಂತೆ ಹದಗೊಳಿಸಿರುತ್ತಾರೆ.

ಹಾಗಾಗಿ ಡೀಸೆಲ್ ಎಂಜಿನ್‌ಗೆ ಹೋದ ಪೆಟ್ರೋಲ್ ಸರಿಯಾಗಿ ಉರಿಯದು. ದೊಡ್ಡ ಪೆಟ್ಟು ಬೀಳುವುದು ಮಾತ್ರ ಪಂಪಿಗೆ. ಎಲ್ಲ ಇಂಜೆಕ್ಟರ್‌ಗಳಿಗೂ ‘ರೈಲ್’ ಎಂಬ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಇಂಧನದ ಒತ್ತಡ 2,000 ಬಾರ್‌ವರೆಗೂ ಏರುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಚಿಲ್ಲರೆ ಬಾರ್. ಅಂಥ ಒತ್ತಡ ಕೊಡುವ ಪಂಪಿನ ಭಾಗಗಳಿಗೆ ಹರಿಯುವ ಡೀಸೆಲ್ಲೇ ಜಿಡ್ಡು. ಪೆಟ್ರೋಲ್ ಆ ಜಿಡ್ಡನ್ನು ತೊಳೆದುಹಾಕುತ್ತದೆ. ಲೋಹಕ್ಕೆ ಲೋಹ ಉಜ್ಜಿ ಎದ್ದ ಪುಡಿ ಇಂಜೆಕ್ಟರ್‌ವರೆಗೂ ಸಾಗುತ್ತದೆ. ಆಮೇಲೆ ಪಂಪ್, ರೈಲ್, ಇಂಜೆಕ್ಟರ್ ಎಲ್ಲ ಬದಲಿಸಬೇಕಾಗಿ ಬಂದರೆ ಖರ್ಚು ಲಕ್ಷ ದಾಟಬಹುದು.

‘ಮೇಲೆ ಡೀಸೆಲ್ ತುಂಬಿಸಿ ಓಡ್ಸಿ, ಏನೂ ಆಗಲ್ಲ’ ಎನ್ನುವವರಿದ್ದಾರೆ. ಅದು ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗಳ ಕಾಲದ ಮಾತು. ಯುರೋಪಿನ ಕಡುಚಳಿಯಲ್ಲಿ ಡೀಸೆಲ್ ಮೇಣಗಟ್ಟದಿರಲೆಂದು ಆಗ ಒಂದಿಷ್ಟು ಪೆಟ್ರೋಲ್ ಬೆರೆಸುತ್ತಿದ್ದದ್ದೂ ಉಂಟು. ಇಂದಿನ ಬಿಎಸ್ 6 ಗಾಡಿಯ ಮಾಲೀಕರು ಆ ಸಲಹೆಗೆ ಕಿವಿಗೊಡಬಾರದು.

ಗೊತ್ತಾದ ಕೂಡಲೇ

ಕೀ ಮುಟ್ಟಬೇಡಿ. ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿದರೂ ಹಲವು ಕಾರುಗಳಲ್ಲಿ ಟ್ಯಾಂಕಿನೊಳಗಿನ ಪಂಪ್ ಇಂಧನವನ್ನು ಮುಂದೆ ತಳ್ಳುತ್ತದೆ. ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಪಕ್ಕಕ್ಕೆ ತಳ್ಳಿಸಿ, ಟೋಯಿಂಗ್ ಕರೆಸಿ. ಆಗಲೇ ಹೊರಟಿದ್ದರೆ, ಎಂಜಿನ್ ಬಡಿದುಕೊಳ್ಳತೊಡಗಿ ಎಳೆತ ಕುಗ್ಗಿದೊಡನೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಆಫ್ ಮಾಡಿ. ರಸ್ತೆ ಬದಿಯಲ್ಲಿ ಪೈಪ್ ಹಾಕಿ ಟ್ಯಾಂಕ್ ಖಾಲಿ ಮಾಡುವ ಸಾಹಸ ಬೇಡ. ಪೆಟ್ರೋಲಿನ ಆವಿಗೆ ಒಂದು ಕಿಡಿ ತಗುಲಿದರೆ ಜೀವಕ್ಕೇ ಅಪಾಯ. ಗ್ಯಾರೇಜಿನಲ್ಲಿ ಟ್ಯಾಂಕ್, ಪೈಪ್‌ಗಳನ್ನು ತೊಳೆದು, ಡೀಸೆಲ್ ಫಿಲ್ಟರ್ ಬದಲಿಸಿ, ಹೊಸ ಡೀಸೆಲ್ ತುಂಬಿಸುತ್ತಾರೆ.

ಎಷ್ಟೋ ಸಲ ತಪ್ಪು ಮೊದಲು ಗೊತ್ತಾಗುವುದು ನಳಿಕೆ ಹಿಡಿದ ಹುಡುಗನಿಗೆ. ಬೈಗುಳಕ್ಕೆ, ಸಂಬಳ ಕಡಿತಕ್ಕೆ ಹೆದರಿ ಅವನು ಬಾಯಿ ಮುಚ್ಚಿದರೆ ಕಾರು ಹೊರಟುಹೋಗುತ್ತದೆ. ‘ಸರ್, ಸ್ಟಾರ್ಟ್ ಮಾಡ್ಬೇಡಿ’ ಎಂದನೋ, ಟ್ಯಾಂಕ್ ತೊಳೆಯುವ ಖರ್ಚಿನಲ್ಲಿ ಎಲ್ಲ ಮುಗಿಯುತ್ತದೆ. ಹಾಗೆ ಹೇಳುವ ಧೈರ್ಯ ಅವನಿಗೆ ಬರಬೇಕಾದರೆ ಬಂಕಿನ ಮಾಲೀಕರೂ ನಾವೂ ಅವನ ಮೇಲೆ ಹರಿಹಾಯದಿರಬೇಕು. ಸತ್ಯ ಹೇಳಿದವನಿಗೆ ಶಿಕ್ಷೆಯಾದರೆ ಮುಂದಿನ ಕಾರಿನ ಎಂಜಿನ್ ಉಳಿಯುವುದಿಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಸಲ ಕಾರಿನಿಂದ ಇಳಿದು, ‘ಡೀಸೆಲ್ ಗಾಡಿ ಕಣಪ್ಪಾ’ ಎಂದು ಮೊದಲೇ ಹೇಳಿ, ನಳಿಕೆ ನೋಡೋಣ. ಸೊನ್ನೆ ಆಮೇಲೆ.