ಎರಡನೆಯ ಬಾಕ್ಸ್ ಹಚ್ಚುವ ಮೊದಲು

ಸ್ನೇಹಸಮ್ಮೇಳನದ ಹಿಂದಿನ ದಿನ. ಅಕ್ಕಲಕೋಟದಿಂದ ಹಳೆಯ ವಿದ್ಯಾರ್ಥಿಯೊಬ್ಬ ಗಿಟಾರ್ ಮತ್ತು ಸಣ್ಣ ಆಂಪ್ಲಿಫಯರ್ ತಂದಿದ್ದ. ಆವಾಜು ಹಿಂದಿನ ಸಾಲಿಗೆ ಮುಟ್ಟಲಿಲ್ಲ. “ಸರ, ಸಾಲ್ಯಾಗಿನ ಎರಡೂ ಬಾಕ್ಸ್ ಹಚ್ಚೂಣ್ರಿ” ಅಂದರು ಹತ್ತನೆಯ ಇಯತ್ತೆಯ ಹುಡುಗರು. ಹಚ್ಚಿದೆವು. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ! ಅದೂ ವಿಜ್ಞಾನದ ಮಾಸ್ತರನ ಕಣ್ಣೆದುರಿಗೆ.

ಆಂಪ್ಲಿಫಯರಿನ ಬೆನ್ನ ಮೇಲೆ ‘ಕನಿಷ್ಠ 8 ಓಮ್’ ಎಂದು ಬರೆದಿತ್ತು. ಬಾಕ್ಸುಗಳೂ 8 ಓಮಿನವೇ. ಆದರೆ ಜೋಡಿಸಿದ್ದು ಸಮಾಂತರವಾಗಿ. 8×8÷(8+8) ಲೆಕ್ಕ ಮಾಡಿರಿ: 4 ಬರುತ್ತದೆ. ರೋಧ ಅರ್ಧವಾದರೆ ಅದೇ ವೋಲ್ಟೇಜಿಗೆ ವಿದ್ಯುತ್ ಪ್ರವಾಹ ಇಮ್ಮಡಿ. ಒಳಗಿನ ಟ್ರಾನ್ಸಿಸ್ಟರುಗಳು ಆ ಬಿಸಿ ತಾಳಲಿಲ್ಲ. ಸರಣಿಯಲ್ಲಿ ಜೋಡಿಸಿದ್ದರೆ 16 ಓಮ್ ಆಗಿ, ಆವಾಜು ಹೆಚ್ಚದಿದ್ದರೂ ಯಂತ್ರ ಉಳಿಯುತ್ತಿತ್ತು. (ಹಳೆಯ ವಾಲ್ವ್ ಆಂಪ್ಲಿಫಯರಿಗೆ ಈ ಮಾತು ನಡೆಯದು, ಅದಕ್ಕೆ ಬರೆದಷ್ಟೇ ಓಮ್ ಬೇಕು.)

ನಿಮ್ಮ ಶಾಲೆಯ ಬಾಕ್ಸಿಗೆ ಮಲ್ಟಿಮೀಟರ್ ಹಿಡಿದು ನೋಡಿರಿ. 8 ಓಮ್ ಎಂದು ಬರೆದದ್ದು 6ರ ಆಸುಪಾಸು ತೋರಿಸೀತು. ಗಾಬರಿ ಬೇಡ. ಮೀಟರು ಅಳೆಯುವುದು ಸುರುಳಿಯ ತಂತಿಯ ರೋಧವನ್ನಷ್ಟೇ. ಹಾಡು ಬರುವುದು ಪರ್ಯಾಯ ಪ್ರವಾಹವಾಗಿ. ಅದಕ್ಕೆ ಸಿಗುವ ಒಟ್ಟು ಅಡ್ಡಿಯೇ ಇಂಪಿಡೆನ್ಸ್. ಬರೆದಿರುವುದು ಅದು.

ರಿಪೇರಿಯ ದುಡ್ಡು ನಾನೇ ಕೊಟ್ಟೆ ಅನ್ನಿ. ಮುಂದೆ ಸೊಲ್ಲಾಪುರದಲ್ಲಿ ಬಾಕ್ಸ್ ಕೊಳ್ಳುವಾಗ ಮೊದಲು ಓಮ್ ನೋಡಿದೆ, ಆಂಪ್ಲಿಫಯರಿಗಿಂತ ಹೆಚ್ಚು ವ್ಯಾಟ್ ತಾಳುತ್ತದೆಯೇ ಎಂದು ನೋಡಿದೆ, ಆಮೇಲೆ ಡೆಸಿಬೆಲ್. ಒಂದೇ ವ್ಯಾಟಿಗೆ 3 ಡೆಸಿಬೆಲ್ ಹೆಚ್ಚು ಕೊಡುವ ಬಾಕ್ಸ್ ಹಚ್ಚಿದರೆ, ಆಂಪ್ಲಿಫಯರಿನ ವ್ಯಾಟ್ ಇಮ್ಮಡಿ ಮಾಡಿದಷ್ಟೇ ಲಾಭ. ಈ ಸಲ ಒಂದೇ ಬಾಕ್ಸ್ ಇಟ್ಟೆವು. ಹಿಂದಿನ ಸಾಲಿಗೂ ಕೇಳಿಸಿತು.