ಕೊಡಗಿನ ಒಕ್ಕ, ಡರ್ಖೀಮನ ದೇವರು

ಹಿತಾಸಕ್ತಿಗಳು ಬೇರೆ ಬೇರೆಯಾದ ಜನರು ದಿನವೂ ಹೊಡೆದಾಡದೆ ಕೂಡಿ ಬಾಳುವುದು ಹೇಗೆ ಎಂಬುದು ಸಮಾಜಶಾಸ್ತ್ರದ ಮೂಲಪ್ರಶ್ನೆಗಳಲ್ಲಿ ಒಂದು. 1651ರಲ್ಲಿ ಪ್ರಕಟವಾದ ‘ಲೆವಯಥನ್’ ಕೃತಿಯಲ್ಲಿ ಥಾಮಸ್ ಹಾಬ್ಸ್ ಇದಕ್ಕೆ ಕೊಟ್ಟ ಉತ್ತರ ಪ್ರಭುತ್ವದ ಭಯ. ಆದರೆ ರಾಜಭಟರ ಕಣ್ಣು ತಲುಪದ ಕಡೆಯೂ ಜನರು ಕಟ್ಟುಪಾಡುಗಳನ್ನು ಪಾಲಿಸುವುದರಿಂದ ಆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ.

ಉಳಿದರ್ಧವನ್ನು ಫ್ರಾನ್ಸಿನ ಎಮಿಲ್ ಡರ್ಖೀಮ್ ಧರ್ಮದಲ್ಲಿ ಹುಡುಕಿದನು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಕುಲಚಿಹ್ನೆಗಳನ್ನು ಕುರಿತು, ಆ ಖಂಡಕ್ಕೆ ಒಮ್ಮೆಯೂ ಕಾಲಿಡದೆ, ಅನ್ಯರ ವರದಿಗಳನ್ನು ಆಧರಿಸಿ 1912ರಲ್ಲಿ ಆತ ಬರೆದ ಗ್ರಂಥದ ಪ್ರಕಾರ, ಧರ್ಮವು ಲೋಕವನ್ನು ಪವಿತ್ರ ಮತ್ತು ಲೌಕಿಕ ಎಂದು ಎರಡಾಗಿ ವಿಂಗಡಿಸುತ್ತದೆ. ಒಂದೆಡೆ ನೆರೆದು ಕುಣಿದು ಹಾಡುವ ಜನರಿಗೆ ತಮ್ಮನ್ನು ಮೀರಿದ ಶಕ್ತಿಯೊಂದು ಆವರಿಸಿದಂತೆ ತೋರುತ್ತದೆ. ಆ ಶಕ್ತಿ ಬೇರೇನೂ ಅಲ್ಲ, ಒಗ್ಗೂಡಿದ ಸಮಾಜವೇ. ಸಮಾಜದ ಪ್ರತಿಯೊಂದು ಆಚರಣೆಯೂ ಇಡೀ ವ್ಯವಸ್ಥೆಯನ್ನು ಉಳಿಸುವ ಒಂದು ಕೆಲಸವನ್ನು ನಿರ್ವಹಿಸುತ್ತದೆ ಎಂಬ ಪ್ರಕಾರ್ಯವಾದವನ್ನು, ಡರ್ಖೀಮನ ವಿಚಾರಗಳ ಬುನಾದಿಯ ಮೇಲೆ, ಬ್ರಿಟನ್ನಿನ ರ‍್ಯಾಡ್‌ಕ್ಲಿಫ್-ಬ್ರೌನ್ ಬೆಳೆಸಿದನು.

ಈ ಸಿದ್ಧಾಂತ ಭಾರತದ ನೆಲದಲ್ಲಿ ಗಟ್ಟಿಯಾಗಿ ಪರೀಕ್ಷೆಗೊಳಗಾದದ್ದು ಕೊಡಗಿನಲ್ಲಿ. ಮೈಸೂರಿನವರಾದ ಎಂ.ಎನ್. ಶ್ರೀನಿವಾಸ್ ಮುಂಬೈಯಲ್ಲಿ ಜಿ.ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಕೊಡವರ ಬಗ್ಗೆ ಸಂಗ್ರಹಿಸಿದ್ದ ಸಾಮಗ್ರಿಯನ್ನು ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನನ ಚೌಕಟ್ಟಿನಲ್ಲಿ ಮರುವಿಶ್ಲೇಷಿಸಿದರು. ಅದು 1952ರಲ್ಲಿ ಗ್ರಂಥವಾಗಿ ಹೊರಬಂತು. ಗಂಡುಮೂಲದ ಅವಿಭಕ್ತ ಕುಟುಂಬವಾದ ‘ಒಕ್ಕ’ ಅಲ್ಲಿ ಬದುಕಿರುವವರ ಗುಂಪಷ್ಟೇ ಅಲ್ಲ; ಆರಾಧನೆ ಪಡೆಯುವ ಗತಿಸಿದ ಹಿರಿಯರೂ ಅದಕ್ಕೆ ಸೇರಿದವರು. ಮದುವೆಯಲ್ಲಿ ಮಾತ್ರವಲ್ಲ, ಹುಲಿಯನ್ನು ಕೊಂದ ವೀರನಿಗೂ ‘ನರಿ ಮಂಗಲ’ವೆಂದು ನೆರವೇರುತ್ತಿದ್ದ ಮಂಗಲ ವಿಧಿಯು ವ್ಯಕ್ತಿಗೆ ಹೊಸ ಸ್ಥಾನವನ್ನು ನೀಡಿ, ಅದಕ್ಕೆ ನೆರೆದವರೆಲ್ಲರ ಒಪ್ಪಿಗೆಯ ಮುದ್ರೆ ಒತ್ತುತ್ತಿತ್ತು. ಸುಗ್ಗಿಹಬ್ಬವಾದ ಹುತ್ತರಿಯಲ್ಲಿ ಹೊಸ ಕದಿರು ಒಕ್ಕದ ಮನೆ ಸೇರಿದರೆ, ಕೋಲಾಟ ನಡೆಯುವುದು ಊರಿಗೆಲ್ಲ ಸೇರಿದ ಬಯಲಾದ ‘ಮಂದ್‌’ನಲ್ಲಿ. ಮನೆಯನ್ನು ಊರಿಗೆ, ಊರನ್ನು ನಾಡಿಗೆ ಆಚರಣೆಗಳು ಹೆಣೆಯುವ ಬಗೆಯನ್ನು ಇಷ್ಟು ನಿಖರವಾಗಿ ತೋರಿಸಿದ ಅಧ್ಯಯನಗಳು ವಿರಳ.

ಆದರೂ ಈ ನೋಟಕ್ಕೆ ಒಂದು ಮಿತಿಯಿದೆ. ಊರದೇವರ ಹಬ್ಬದಲ್ಲಿ ಡೋಲು ಬಡಿಯುವ ಮೇದರಿಗೆ ಅಲ್ಲಿ ನಿಶ್ಚಿತ ಪಾತ್ರವಿದೆ ಎಂಬುದು ಎಷ್ಟು ನಿಜವೋ, ಅವರು ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ಮಡಿ-ಮೈಲಿಗೆಯ ನಿಯಮಗಳು ನಿಗದಿಪಡಿಸುತ್ತಿದ್ದವು ಎಂಬುದೂ ಅಷ್ಟೇ ನಿಜ. ಒಕ್ಕಗಳ ಗದ್ದೆಗಳಲ್ಲಿ ಜೀತಕ್ಕೆ ದುಡಿದವರ ಕಡೆಯಿಂದ ನೋಡಿದರೆ, ಐಕ್ಯವೆಂದು ಹೆಸರಾದದ್ದು ಶ್ರೇಣಿಯೂ ಹೌದು. ಕುತೂಹಲದ ಸಂಗತಿಯೆಂದರೆ, ಈ ಸ್ಥಿರಚಿತ್ರವನ್ನು ಕದಲಿಸುವ ಪರಿಕಲ್ಪನೆಯೂ ಅದೇ ಗ್ರಂಥದಲ್ಲಿದೆ. ಮೇಲ್ಜಾತಿಗಳ ಆಹಾರ, ಆಚಾರ, ವಿಧಿಗಳನ್ನು ಅನುಸರಿಸಿ ಕೆಳಗಿನ ಜಾತಿ ಒಂದೆರಡು ತಲೆಮಾರುಗಳಲ್ಲಿ ಮೇಲಿನ ಸ್ಥಾನ ಪಡೆಯಲು ಯತ್ನಿಸುವುದನ್ನು ಶ್ರೀನಿವಾಸ್ ಸಂಸ್ಕೃತಾನುಕರಣವೆಂದು ಕರೆದರು. ಮದ್ಯ-ಮಾಂಸ ತೊರೆದು ಜನಿವಾರ ಧರಿಸಿದ ಅಮ್ಮ ಕೊಡವರು ಅದಕ್ಕೆ ಹತ್ತಿರದ ನಿದರ್ಶನ. ಆದರೆ ಅಸ್ಪೃಶ್ಯರು ಎಷ್ಟೇ ಅನುಕರಿಸಿದರೂ ಅಸ್ಪೃಶ್ಯತೆಯ ಗೆರೆಯನ್ನು ದಾಟಲಾರರೆಂಬುದನ್ನು ಶ್ರೀನಿವಾಸ್ ಅವರೇ ಮುಂದೆ ಒಪ್ಪಿಕೊಂಡರು.

ಆ ಗೆರೆ ಯಾರ ಹಿತಕ್ಕಾಗಿ ಇದೆ ಎಂಬುದನ್ನು ಪ್ರಕಾರ್ಯವಾದ ಕೇಳಲಿಲ್ಲ. ಬಿ.ಆರ್. ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲೇ ಅದನ್ನು ಎತ್ತಿದ್ದರು. ಜಾತಿಯೆಂದರೆ ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರ ವಿಭಜನೆಯೆಂದು ಅವರು ವಾದಿಸಿದರು. ವ್ಯವಸ್ಥೆಯನ್ನು ಎತ್ತಿ ಹಿಡಿದಿರುವುದು ಧರ್ಮವೇ ಎಂಬಲ್ಲಿ ಅವರ ನಿದಾನ ಡರ್ಖೀಮನದಕ್ಕೆ ತೀರ ಸಮೀಪದ್ದು. ಆದರೆ ಅದರಿಂದ ಅವರು ತಲುಪಿದ ತೀರ್ಮಾನ, ಶಾಸ್ತ್ರಗಳ ಅಧಿಕಾರವನ್ನು ಅಳಿಸದೆ ಜಾತಿ ಅಳಿಯದು ಎಂಬುದು. ಹಾಗೆಂದು ಧರ್ಮವಿಲ್ಲದ ಸಮಾಜವನ್ನು ಅವರು ಬಯಸಲಿಲ್ಲ: 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧಧರ್ಮವನ್ನು ಸ್ವೀಕರಿಸಿದರು.